ಗ್ಲಾಸಿನಲ್ಲಿ ಕಂಡ ಕೊಳೆ ಎಲ್ಲಿಂದ ಬಂತು?

ಹೋದ ತಿಂಗಳು ಒಂದು ಭಾನುವಾರ ಕೆಂಗೇರಿ ಉಪನಗರದ ನಮ್ಮ ಮನೆಗೆ ವಾಟರ್ ಪ್ಯೂರಿಫೈಯರ್ ಮಾರುವವರೊಬ್ಬರು ಬಂದರು. ಬಾಣಂತನಕ್ಕೆ ಬಂದ ಅಕ್ಕ ಇನ್ನೂ ಇಲ್ಲೇ ಇದ್ದಾಳೆ. ಮಗುವಿಗೆ ಏಳು ತಿಂಗಳು, ಈಗಷ್ಟೇ ರಾಗಿ ಸರಿ ಶುರುವಾಗಿದೆ.

ಆತ ಎರಡು ಗ್ಲಾಸ್ ಇಟ್ಟರು. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರೇ ತಂದ ಆರ್‌ಓ ನೀರು. ಕರೆಂಟಿನ ಕಡ್ಡಿಗಳನ್ನು ಅದ್ದಿದರು. ಎರಡೇ ನಿಮಿಷ! ನಮ್ಮ ನೀರು ಚರಂಡಿ ಬಣ್ಣಕ್ಕೆ ತಿರುಗಿತು, ಅವರದ್ದು ತಿಳಿಯಾಗೇ ಇತ್ತು.

"ಅಯ್ಯೋ, ಇಷ್ಟು ದಿನ ಮಗೂಗೆ ಇದನ್ನೇ ಕುಡಿಸಿದ್ವಲ್ಲೋ!" ಅಮ್ಮನ ಕಣ್ಣಲ್ಲಿ ನೀರು. 18,000 ರೂಪಾಯಿಗೆ ಅಲ್ಲೇ ಒಪ್ಪಿಬಿಡುವ ಹಾಗಿದ್ದಳು.

ನಾನು ಅಡುಗೆಮನೆಯಿಂದ ಉಪ್ಪು ತಂದೆ. "ಸರ್, ನಿಮ್ಮ ನೀರಿಗೆ ಒಂದ್ ಚಿಟಿಕೆ ಇದನ್ನ ಹಾಕಿ, ಇನ್ನೊಂದ್ ಸಲ ತೋರ್ಸಿ" ಅಂದೆ. ಆತ ಹಿಂದೆಮುಂದೆ ನೋಡಿದರು. ಕೊನೆಗೆ ಹಾಕಿದರು. ಅವರ 'ಶುದ್ಧ' ನೀರೂ ಕಂದು!

ಆಗಿದ್ದಿಷ್ಟೇ. ಆ ಯಂತ್ರದಲ್ಲಿ ಒಂದು ಕಡ್ಡಿ ಕಬ್ಬಿಣದ್ದು. ನೀರಿನಲ್ಲಿ ಲವಣ ಇದ್ದರೆ ಕರೆಂಟ್ ಹರಿಯುತ್ತೆ, ಕಬ್ಬಿಣ ಕರಗಿ ತುಕ್ಕಾಗುತ್ತೆ. ಆರ್‌ಓ ನೀರಿನಲ್ಲಿ ಲವಣ ತೀರಾ ಕಡಿಮೆ, ಹಾಗಾಗಿ ಕರೆಂಟ್ ಹೆಚ್ಚು ಹರಿಯಲ್ಲ. ಕೊಳೆ ಬಂದಿದ್ದು ಕಡ್ಡಿಯಿಂದ, ನೀರಿನಿಂದಲ್ಲ. (ಇದನ್ನು ಮನೆಯಲ್ಲಿ ನೀವು ಮಾಡೋಕೆ ಹೋಗ್ಬೇಡಿ, ನೀರು-ಕರೆಂಟ್ ಸಹವಾಸ ಬೇಡ.)

ಅವರ ಟಿಡಿಎಸ್ ಮೀಟರ್ ಕೂಡ ಅಳೆಯೋದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದನ್ನೇ. ನಮ್ಮ ನೀರು 410 ತೋರಿಸಿತ್ತು. ಭಾರತೀಯ ಮಾನಕ ಬ್ಯೂರೋ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ತೊಂದರೆಯಿಲ್ಲ.

ಗೆದ್ದೆ ಅಂದ್ಕೊಂಡೆ. ಆದರೆ ರಾತ್ರಿ ಅಮ್ಮ ಕೇಳಿದಳು, "ಸರಿ ಕಣೋ, ಅವನು ತೋರ್ಸಿದ್ದು ಸುಳ್ಳು. ಹಾಗಂತ ನಮ್ಮ ನೀರು ಚೆನ್ನಾಗಿದೆ ಅಂತಾನಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆತು ಸುಮಾರು 100 ಕಿಲೋಮೀಟರ್ ಬರುತ್ತೆ. ನಮ್ಮ ಸಂಪಿನಲ್ಲಿ ಅದರ ಜೊತೆ ಬೋರ್‌ವೆಲ್ ನೀರೂ ಸೇರುತ್ತೆ. ವೃಷಭಾವತಿಯಂಥ ಕೊಳಚೆ ಹೊಳೆ ಹತ್ತಿರವೇ ಇರುವಾಗ ನೆಲದ ನೀರನ್ನು ಕಣ್ಣು ಮುಚ್ಚಿ ನಂಬೋದು ಹೇಗೆ? ರೋಗಾಣು ಇದೆಯೋ ಇಲ್ಲವೋ ಅನ್ನೋದನ್ನು ಟಿಡಿಎಸ್ ಮೀಟರ್ ಹೇಳಲ್ಲ.

ಸೋಮವಾರವೇ ಲ್ಯಾಬಿಗೆ ಸ್ಯಾಂಪಲ್ ಕೊಟ್ಟೆ. ನೈಟ್ರೇಟ್ ಮಿತಿಯಾದ 45 ಮಿಲಿಗ್ರಾಂ ಒಳಗೇ ಇತ್ತು. ಆದರೆ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಸಿಕ್ಕಿತು. ಕುಡಿಯುವ ನೀರಿನ 100 ಮಿಲೀಲೀಟರ್‌ನಲ್ಲಿ ಅದು ಒಂದೂ ಇರಬಾರದು. ನೋಡಿದರೆ ಸಂಪಿನ ಮುಚ್ಚಳ ಬಿರುಕು ಬಿಟ್ಟು ಮಳೆನೀರು ಒಳಗೆ ಇಳಿಯುತ್ತಿತ್ತು. ಸ್ಟೀಲ್ ಫಿಲ್ಟರ್ ಇದೆಯಲ್ಲ ಅಂತ ನಾವು ನೀರು ಕಾಯಿಸುತ್ತಲೂ ಇರಲಿಲ್ಲ.

ಮುಚ್ಚಳ ಬದಲಾಯಿಸಿ, ಸಂಪು ತೊಳೆಸಿ, ಕ್ಲೋರಿನ್ ಹಾಕಿಸಿದೆವು. ಎರಡನೇ ರಿಪೋರ್ಟ್ ಸರಿಯಾಗಿ ಬಂತು. ಆದರೂ ಈಗ ನೀರನ್ನು ಕುದಿಸಿಯೇ ಕುಡಿಯೋದು. ಕೊತಕೊತ ಒಂದು ನಿಮಿಷ ಕುದಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತವೆ. ನೈಟ್ರೇಟ್ ಮಾತ್ರ ಕುದಿಸಿದರೆ ಹೋಗಲ್ಲ, ಅದಕ್ಕೇ ಟೆಸ್ಟ್ ಬೇಕು.

ಕಂದು ಬಣ್ಣಕ್ಕೆ ಹೆದರಿದ ಅಮ್ಮ ಮೋಸ ಹೋಗುವುದರಲ್ಲಿದ್ದಳು, ನಿಜ. ಆದರೆ 410 ಅನ್ನೋ ನಂಬರ್ ನೋಡಿ ಸುಮ್ಮನಾಗಿದ್ದ ಇಂಜಿನಿಯರ್ ನಾನು, ಮೋಸ ಹೋಗಿಯೇ ಆಗಿತ್ತು. ಅಮ್ಮ ಆ ಎರಡನೇ ಪ್ರಶ್ನೆ ಕೇಳಿದ್ದಕ್ಕೆ ಮಗು ಉಳ್ಕೊಂಡ್ತು.

ಅಂದ ಹಾಗೆ, ನಿಮ್ಮ ಮನೆ ಸಂಪಿನ ಮುಚ್ಚಳ ಎತ್ತಿ ನೋಡಿ ಎಷ್ಟು ದಿನ ಆಯ್ತು?