ಬಳೆ ಅಡ ಇಟ್ಟು ಸದ್ದು ತರಬ್ಯಾಡಿ

ಹೊಗೆಸೊಪ್ಪಿನ ಹರಾಜಿನ ದುಡ್ಡು ಬಂದ ತಿಂಗಳು ನಮ್ಮ ಕಡೆ ಹುಡುಗ್ರಿಗೆ ಒಂದೊಂದು ಹುಚ್ಚು ಹಿಡೀತದೆ. ಒಬ್ಬನಿಗೆ ಬೈಕು, ಒಬ್ಬನಿಗೆ ಮೊಬೈಲು. ಆರ್ಕೆಸ್ಟ್ರಾದಲ್ಲಿ ಬಾರ್ಸೋ ಮಗ ಇರೋ ಮನೇಲಿ ಎಲೆಕ್ಟ್ರಾನಿಕ್ ಡ್ರಮ್ಮು. ನಮ್ಮನೇಲೂ ಅದೇ ಆಯ್ತು. ಹಣ ಸಾಲದೆ ನನ್ನ ಎರಡು ಬಳೆ ಅಡ ಹೋದ್ವು. ಅದಕ್ಕೇ ಬರೀತಿದೀನಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆ ಅಕ್ಕತಂಗೀರು ಓದಿ, ಮಕ್ಕಳಿಗೂ ಓದ್ಸಿ.

ಅಂಗಡಿಯೋರು ಏನಂದ್ರು? "ಅಮ್ಮ, ಇದ್ರಲ್ಲಿ ನೂರಾರು ಸೌಂಡ್ ಅವೆ." ಯಜಮಾನ್ರು, ಮೈದುನ ಇಬ್ರೂ ತಲೆ ಆಡ್ಸಿದ್ರು. ನಾನು ಬಾಯಿ ತೆಗೆದ್ರೆ "ನಿಂಗೇನು ಗೊತ್ತಾಯ್ತದೆ, ಸುಮ್ನಿರು" ಅಂದ್ರು. ಸುಮ್ನಾದೆ. ಆಮೇಲೆ ನೋಡಿದ್ರೆ ನೂರಾರು ಸದ್ದಲ್ಲಿ ಮಗ ಬಳಸೋದು ಹತ್ತೋ ಹನ್ನೆರಡೋ. ಮೆಲ್ಲಗೆ ಬಾರ್ಸಿದ್ರೆ ಕೇಳ್ಸದೇ ಇಲ್ಲ. ಕಾಲಲ್ಲಿ ಕಿಕ್ ಒತ್ತಿದ್ರೆ ಪಕ್ಕದ ಸ್ನೇರ್ ತಾನಾಗೇ ಹೊಡ್ಕೋತದೆ.

ಸದ್ದು ಬೇರೆ, ಏಟು ಅಳೆಯೋದು ಬೇರೆ ಕಣ್ರಮ್ಮ. ಗ್ಯಾಸ್ ಒಲೆ ಹಚ್ಚೋ ಲೈಟರ್ ಟಕ್ ಅಂದ್ರೆ ಕಿಡಿ ಬತ್ತದಲ್ಲ, ಅದೇ ಗುಣದ ಸಣ್ಣ ಬಿಲ್ಲೆ ಪ್ಯಾಡಿನ ಅಡಿಗೆ ಇರ್ತದೆ. ಪೀಜೋ ಅಂತಾರೆ. ಏಟು ಬಿದ್ರೆ ಚೂರು ಕರೆಂಟು ಹುಟ್ತದೆ. ಅದನ್ನ ಅಳೆದು, ಯಾವ ಪ್ಯಾಡು, ಎಷ್ಟು ಜೋರು ಅಂತ 1ರಿಂದ 127ರೊಳಗೆ ಒಂದು ಅಂಕಿ ಹಾಕಿ, ಮಿಡಿ ಅನ್ನೋ ಭಾಷೇಲಿ ಲ್ಯಾಪ್‌ಟಾಪಿಗೋ ಇನ್ನೊಂದು ಯಂತ್ರಕ್ಕೋ ಹೇಳೋದೇ ಟ್ರಿಗರ್ ಇಂಟರ್‌ಫೇಸ್ ಕೆಲಸ. ಅದು ತಕ್ಕಡಿ ಇದ್ದಂಗೆ. ಸದ್ದನ್ನ ನಾಳೆ ಬದಲಾಯಿಸಬಹುದು. ತಕ್ಕಡಿಯೇ ಸುಳ್ಳು ಹೇಳಿದ್ರೆ ಎಂಥಾ ಸದ್ದಿದ್ದೂ ದಂಡ.

ನಮ್ಮೋರು ಯಾವ ಪ್ಯಾಡ್ ಕಂಡ್ರೂ ಆಕ್ಟಪ್ಯಾಡ್ ಅಂತಾರೆ. ರೋಲ್ಯಾಂಡ್ ಕಂಪನಿ 1985ರಲ್ಲಿ ತಂದ ಮೊದಲ ಆಕ್ಟಪ್ಯಾಡಿನ ಒಳಗೆ ಒಂದು ಸದ್ದೂ ಇರಲಿಲ್ಲ ಗೊತ್ತಾ? ಎಂಟು ಪ್ಯಾಡಿನ ಏಟು ಅಳೆದು ಬೇರೆ ಯಂತ್ರಕ್ಕೆ ಕಳಿಸ್ತಿತ್ತು, ಅಷ್ಟೇ.

"ಜಾತ್ರೆ ಧೂಳಲ್ಲಿ, ಜನರೇಟರ್ ಕರೆಂಟಲ್ಲಿ ಲ್ಯಾಪ್‌ಟಾಪ್ ಕೈಕೊಟ್ರೆ?" ಅಂತೀರಿ. ಸರಿಯಾದ ಮಾತೇ. ಅಂಥೋರಿಗೆ ರೋಲ್ಯಾಂಡ್ ಟಿಎಂ-2 ತರದ ಸಣ್ಣ ಡಬ್ಬಿ ಅವೆ, ಮೆಮೊರಿ ಕಾರ್ಡಿಗೆ ಹಾಕಿದ ಸದ್ದನ್ನ ತಾವೇ ನುಡಿಸ್ತವೆ. ಆದ್ರೆ ಅದನ್ನೂ ಪರೀಕ್ಷೆ ಮಾಡೇ ತಗೋಬೇಕು.

ಪರೀಕ್ಷೆ ಕಷ್ಟ ಏನಲ್ಲ. ಮೊದಲು ಮನೇಲಿರೋ ಹಳೆ ಪ್ಯಾಡಿನ ಹಿಂದುಗಡೆ ನೋಡಿ. ಎಸ್‌ಪಿಡಿ-20 ತರದ್ದಾದ್ರೆ ಟ್ರಿಗರ್ ಇನ್, ಮಿಡಿ ಔಟ್ ಎರಡೂ ಇರ್ತವೆ. ಅದೇ ಸಾಕಾಗಬಹುದು, ಹೊಸದು ಯಾಕೆ? ಸಾಲದೇ ಹೋದ್ರೆ ನಿಮ್ಮ ಪ್ಯಾಡು, ನಿಮ್ಮ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ಯಿರಿ. ನಡುವೆ ಹೊಡೆದ್ರೆ ಒಂದು, ಅಂಚಿಗೆ ಹೊಡೆದ್ರೆ ಇನ್ನೊಂದು ಸದ್ದು ಬರೋ ಪ್ಯಾಡು ಆ ಡಬ್ಬಿಗೆ ಹೊಂದ್ತದಾ ಕೇಳಿ. ಬೆರಳಲ್ಲಿ ಮೆಲ್ಲಗೆ ತಟ್ಟಿಸಿ. ಬಿರಬಿರನೆ ಉರುಳಿಕೆ ಬಾರ್ಸಿದ್ರೆ ಏಟು ನುಂಗ್ತದಾ, ಒಂದೇಟಿಗೆ ಎರಡು ಸದ್ದು ಬತ್ತದಾ ನೋಡಿ. ಕಿಕ್ ಒತ್ತಿದಾಗ ಪಕ್ಕದ್ದು ನುಡಿದ್ರೆ ತಡೆಯೋ ಸೆಟ್ಟಿಂಗ್ ತೋರ್ಸಿ ಅನ್ನಿ. ಸದ್ದು ತಡವಾದ್ರೆ ಎಲ್ಲಾದಕ್ಕೂ ಡಬ್ಬೀನ ಬೈಬ್ಯಾಡಿ, ಬಹಳ ಸಲ ತಪ್ಪು ಲ್ಯಾಪ್‌ಟಾಪಿನ ಸೌಂಡಿಂದು.

ತಮಟೆ ಕಾಯ್ಸೋರು ಬೆಂಕಿ ಮುಂದೆ ಒಂದೊಂದೇ ಏಟು ಹಾಕಿ ಕಿವಿಗೊಟ್ಟು ಕೇಳಲ್ವಾ? ಚರ್ಮಕ್ಕೆ ಕೊಡೋ ಆ ಮರ್ಯಾದೇನ ಸಾವಿರಗಟ್ಲೆ ದುಡ್ಡಿನ ಡಬ್ಬಿಗೂ ಕೊಡಿ. ಬಾರ್ಸಿ ನೋಡೋಕೆ ಬಿಡದ ಅಂಗಡಿಯಿಂದ ಎದ್ದು ಬನ್ನಿ. ಮನೆಯೋರು ಸುಮ್ನಿರು ಅಂದ್ರೆ ಸುಮ್ನಿರಬ್ಯಾಡಿ. ಅಡ ಹೋಗೋ ಬಳೆ ನಮ್ದು ಕಣ್ರವ್ವ.