ಮೂಕಿ ಎತ್ತುವವರಿಗೊಂದು ಮಾತು



ಕಳೆದ ತಿಂಗಳು ಊರಿಗೆ ಹೋಗಿದ್ದಾಗ ನನ್ನ ತಮ್ಮನ ಮಗ ಜಗಲಿಯ ಮೇಲೆ ಬೋರಲಾಗಿ ಮಲಗಿದ್ದ. ಅವನಿಗೆ ಈಗ 34 ವರ್ಷ. ಕಬ್ಬಿನ ಗದ್ದೆಯಲ್ಲಿ ಟ್ರಾಕ್ಟರಿಗೆ ಟ್ರೈಲರ್ ಕಟ್ಟಲೆಂದು ಒಬ್ಬನೇ ಮೂಕಿ ಎತ್ತಿದನಂತೆ. ಸೊಂಟದಲ್ಲಿ ಏನೋ ಹಿಡಿದುಕೊಂಡಂತಾಗಿ ಅಲ್ಲಿಯೇ ಕುಳಿತುಬಿಟ್ಟನಂತೆ. ಅದೇ ಜಗಲಿಯ ಮೇಲೆ 1999ರ ಬೇಸಿಗೆ ರಜೆಯಲ್ಲಿ ನಾನೂ ಹಾಗೆಯೇ ಹನ್ನೆರಡು ದಿನ ಮಲಗಿದ್ದೆ, ಅದೇ ಕಾರಣಕ್ಕೆ. ಆ ವರ್ಷ ಶಾಲೆ ಆರಂಭವಾದಾಗ ನಾನು ಕುರ್ಚಿಯ ಬೆನ್ನು ಹಿಡಿದುಕೊಂಡು ಪಾಠ ಮಾಡಿದ್ದು ಆಗ ಒಂಬತ್ತನೆಯ ತರಗತಿಯಲ್ಲಿದ್ದ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೇಷ್ಟ್ರು ಗತ್ತಿನಿಂದ ನಿಂತಿದ್ದಾರೆಂದು ನೀವು ಭಾವಿಸಿದ್ದಿರಿ. ಕುಳಿತರೆ ಏಳಲಾಗುತ್ತಿರಲಿಲ್ಲ ಎಂಬುದು ನಿಜವಾದ ಸಂಗತಿ.

ಸನ್ನೆಯ ನಿಯಮವನ್ನು ಮೂವತ್ತು ವರ್ಷ ಬೋಧಿಸಿದವನು ಅದನ್ನು ತನ್ನ ಬೆನ್ನಿಗೆ ಅನ್ವಯಿಸಿ ನೋಡಲಿಲ್ಲವೆಂಬುದು ನಾಚಿಕೆಯ ವಿಷಯ. ಈಗಲಾದರೂ ಲೆಕ್ಕ ಮಾಡೋಣ. ಬಾಗಿ ಭಾರ ಎತ್ತುವಾಗ ನಮ್ಮ ಬೆನ್ನುಮೂಳೆ ಮೊದಲನೆಯ ವರ್ಗದ ಸನ್ನೆ. ಸೊಂಟದ ಡಿಸ್ಕು ಅದರ ಆಧಾರಬಿಂದು. ಕೈಯಲ್ಲಿರುವ ಭಾರ ಅಲ್ಲಿಂದ ಸುಮಾರು 40 ಸೆಂಟಿಮೀಟರ್ ಮುಂದೆ. ಅದನ್ನು ಎಳೆದು ಹಿಡಿಯುವ ಸ್ನಾಯು ಕೇವಲ 5 ಸೆಂಟಿಮೀಟರ್ ಹಿಂದೆ. ಮೂಕಿಯ ಭಾರದಲ್ಲಿ ನಿಮ್ಮ ಪಾಲಿಗೆ 50 ಕೆ.ಜಿ. ಬಂದಿತೆಂದು ಇಟ್ಟುಕೊಳ್ಳಿ. ಸ್ನಾಯು 400 ಕೆ.ಜಿ.ಯ ಬಲದಿಂದ ಎಳೆಯಬೇಕು. ಡಿಸ್ಕಿನ ಮೇಲೆ ಬೀಳುವುದು ಎರಡರ ಮೊತ್ತ, 450 ಕೆ.ಜಿ. ಬಾಗಿದ ಮುಂಡದ ಸ್ವಂತ ಭಾರವನ್ನು ನಾನಿನ್ನೂ ಸೇರಿಸಿಲ್ಲ. ಇದು ಬರಿಯ ಪುಸ್ತಕದ ಲೆಕ್ಕವಲ್ಲ. ಸ್ವೀಡನ್ನಿನ ವೈದ್ಯ ಆಲ್ಫ್ ನಾಖೆಮ್ಸನ್ 1960ರ ದಶಕದಲ್ಲಿಯೇ ಬದುಕಿರುವ ಮನುಷ್ಯರ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡವನ್ನು ಅಳೆದು, ಮುಂದಕ್ಕೆ ಬಾಗಿದಾಗ ಅದು ಹೇಗೆ ಏರುತ್ತದೆಂದು ತೋರಿಸಿಕೊಟ್ಟಿದ್ದರು. ಅಮೆರಿಕದಲ್ಲಿ ಕಾರ್ಮಿಕರಿಗಾಗಿ ಮಾಡಿದ ಲೆಕ್ಕಾಚಾರದಲ್ಲಿ ಎಲ್ಲ ಅನುಕೂಲಗಳಿರುವಾಗಲೂ ಒಬ್ಬನು ಎತ್ತಬಹುದಾದ ಭಾರವೆಂದು ಹಿಡಿದಿರುವುದು 23 ಕೆ.ಜಿ. ಮಾತ್ರ. ಕೆಸರುಗದ್ದೆಯಲ್ಲಿ ಯಾವ ಅನುಕೂಲ?

ಅಮೆರಿಕವೆಂದೆ. ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಅಲ್ಲಿಯ ಒಬ್ಬ ಅಜ್ಜಿ. 2023ರಲ್ಲಿ ಮಗಳ ಮನೆಗೆಂದು ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ನಿಗೆ ಹೋಗಿದ್ದೆವು. ಜಗತ್ತಿನ ಕುದುರೆಗಳ ರಾಜಧಾನಿ ಎಂದು ತನ್ನನ್ನು ಕರೆದುಕೊಳ್ಳುವ ಊರದು. ಮಗಳ ಮನೆಯ ಹಿಂದಿನ ಬೇಲಿಯಾಚೆ ಎಪ್ಪತ್ತರ ಆಸುಪಾಸಿನ, ನಿವೃತ್ತ ದಾದಿಯೊಬ್ಬರು ಎರಡು ಕುದುರೆ ಸಾಕಿಕೊಂಡು ಒಬ್ಬರೇ ಇದ್ದರು. ಬೆನ್ನಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆಯಾಗಿತ್ತು. ಹಾಗಿದ್ದೂ ಶನಿವಾರ ಬಂತೆಂದರೆ ತಮ್ಮ ಪಿಕಪ್ ವಾಹನಕ್ಕೆ ಕುದುರೆಯ ಟ್ರೈಲರನ್ನು ತಾವೇ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಬೆನ್ನು ನೋವಿನವನಿಗೆ ಬೆನ್ನು ನೋವಿನವರು ದೂರದಿಂದಲೇ ಗುರುತು ಸಿಗುತ್ತಾರೆ. ನಾನು ಬೇಲಿಯ ಬಳಿ ನಿಂತು ನೋಡುತ್ತಿದ್ದೆ. ಎರಡನೆಯ ವಾರ ಅವರೇ ಒಳಗೆ ಕರೆದರು.

ಎರಡು ಕುದುರೆಯ ಟ್ರೈಲರ್ ಖಾಲಿಯಿದ್ದಾಗಲೇ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಒಂದೊಂದು ಕುದುರೆ ಸುಮಾರು 500 ಕೆ.ಜಿ. ಎಲ್ಲ ಸೇರಿ ಎರಡೂವರೆ ಟನ್ನಾಯಿತೆನ್ನಿ. ಇದರಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಮೂಕಿಯ ಮೇಲೆ ಕೂರಬೇಕು; ಕಡಿಮೆಯಾದರೆ ದಾರಿಯಲ್ಲಿ ಟ್ರೈಲರ್ ಬಾಲ ಅಲ್ಲಾಡಿಸುತ್ತದೆ. ಅಂದರೆ 250ರಿಂದ 375 ಕೆ.ಜಿ. ಇದನ್ನು ಯಾವ ಮಲ್ಲನೂ ಎತ್ತಲಾರನಾದ್ದರಿಂದ ಅಲ್ಲಿ ಎತ್ತುವ ಪ್ರಶ್ನೆಯೇ ಹುಟ್ಟುವುದಿಲ್ಲ. ಮೂಕಿಗೇ ಒಂದು ಜಾಕ್ ಕೂಡಿಸಿರುತ್ತಾರೆ. ಹಿಡಿ ತಿರುಗಿಸಿದರೆ ಮೂಕಿ ಏರುತ್ತದೆ. ವಾಹನದ ಹಿಂದಿರುವ ಉಕ್ಕಿನ ಗುಂಡು ಅದರ ಕೆಳಗೆ ಬಂದಾಗ ಇಳಿಸಿದರೆ ಬಟ್ಟಲಿನಂತಹ ಬಾಯಿ ಗುಂಡಿನ ಮೇಲೆ ಕೂರುತ್ತದೆ.

ಆದರೆ ಆ ತಾಯಿಗೆ ಬಾಗಿ ನಿಂತು ಹಿಡಿ ತಿರುಗಿಸುವುದೂ ಆಗುತ್ತಿರಲಿಲ್ಲ. ಗುಂಡು ಸರಿಯಾಗಿ ಕೆಳಗೆ ಬಂತೇ ಎಂದು ನೋಡಲು ಹತ್ತು ಬಾರಿ ವಾಹನದಿಂದ ಇಳಿದು ಹತ್ತುವುದೂ ಆಗುತ್ತಿರಲಿಲ್ಲ. ಹಾಗಾಗಿ ಗುಂಡಿ ಒತ್ತಿದರೆ ಏರಿಳಿಯುವ ವಿದ್ಯುತ್ ಜಾಕ್ ಹಾಕಿಸಿದ್ದರು. ಅದಕ್ಕೆ ಮೊದಲು, ಬ್ಯಾಟರಿಯ ಡ್ರಿಲ್ಲಿನಿಂದ ಹಿಡಿಯನ್ನು ತಿರುಗಿಸುತ್ತಿದ್ದರಂತೆ. ಟ್ರೈಲರ್‌ನ ಮುಖದ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಕೆಂಪು ಪಟ್ಟಿ ಅಂಟಿಸಿ, ವಾಹನದ ಹಿಂಬದಿ ಕ್ಯಾಮೆರಾದಲ್ಲಿ ಅದನ್ನು ನೋಡುತ್ತಾ ಹಿಂದಕ್ಕೆ ಬರುತ್ತಿದ್ದರು. ನನಗೆ ಬಹಳ ಹಿಡಿಸಿದ್ದು ಕಾಸಿನ ಖರ್ಚಿಲ್ಲದ ಒಂದು ಉಪಾಯ: ಟ್ರೈಲರ್ ಬಿಚ್ಚುವಾಗಲೇ ಜಾಕಿನ ಕಾಲಿನ ಕೆಳಗೆ ದಪ್ಪ ಮರದ ತುಂಡಿಟ್ಟು, ಮೂಕಿಯನ್ನು ಗುಂಡಿಗಿಂತ ಎರಡು ಬೆರಳು ಮೇಲೆ ನಿಲ್ಲಿಸಿಬಿಡುತ್ತಿದ್ದರು. ಮುಂದಿನ ವಾರ ಬಂದಾಗ ಏರಿಸುವ ಕೆಲಸವೇ ಇಲ್ಲ, ಇಳಿಸಿದರಾಯಿತು. ಸರಪಳಿ ಸಿಕ್ಕಿಸಲು ಬಾಗುತ್ತಿರಲಿಲ್ಲ, ಪುಟ್ಟ ಸ್ಟೂಲಿನ ಮೇಲೆ ಕೂರುತ್ತಿದ್ದರು. ಕೊನೆಗೆ ಜಾಕನ್ನು ತುಸು ಏರಿಸಿ, ವಾಹನದ ಹಿಂಭಾಗವೂ ಜೊತೆಗೆ ಮೇಲೇಳುವುದನ್ನು ಕಂಡ ಮೇಲೆಯೇ ಕೊಂಡಿ ಕಚ್ಚಿಕೊಂಡಿದೆಯೆಂದು ನಂಬುತ್ತಿದ್ದರು. ಕುದುರೆಗಳು ಹತ್ತುತ್ತಿದ್ದುದು ಆಮೇಲೆ.

ಕುದುರೆಯ ಸಹವಾಸದಿಂದಲೇ ಬೆನ್ನು ಕೆಟ್ಟಿತೇ ಎಂದು ಕೇಳಿದೆ. ನಕ್ಕರು. ಅಲ್ಲವಂತೆ, ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಎತ್ತಿ ಹೋದದ್ದಂತೆ.

ಊರಿಗೆ ಬಂದು ತಮ್ಮನಿಗೆ ಇದನ್ನೆಲ್ಲ ವರ್ಣಿಸಿದೆ. "ಅಣ್ಣ, ನೀನು ಸೀಮೆಸುಣ್ಣ ಎತ್ತಿದೋನು. ಮೂಕಿ ವಿಚಾರ ನಿಂಗ್ಯಾಕೆ?" ಎಂದ. ಅವನ ಟ್ರೈಲರಿಗೂ ಹಿಂದೆ ಒಂದು ಸ್ಟ್ಯಾಂಡ್ ಇತ್ತು. ಬದುವಿಗೆ ತಗುಲಿ ಮುರಿಯಿತು. ಅದರ ಜಾಗದಲ್ಲಿ ಒಂದು ಸೈಜುಗಲ್ಲು ಬಂದು ಕೂತಿತು. ಟ್ರಾಕ್ಟರಿನ ಸಾಲಕ್ಕೆ ಹೆದರದವನು, ಅದರ ಒಂದು ಟೈರಿನ ಬೆಲೆಯ ಸಣ್ಣ ಪಾಲಿಗೆ ಸಿಗುವ ಜಾಕಿಗೆ ಜಿಪುಣನಾಗುತ್ತಾನೆ. ಇದು ನನ್ನ ತಮ್ಮನೊಬ್ಬನ ಮಾತಲ್ಲ. ಮಂಡ್ಯ ಸೀಮೆಯಲ್ಲಿ ಕಬ್ಬು ಸಾಗಿಸುವ ನನ್ನ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದೀರಿ. ನಿಮ್ಮ ನಿಮ್ಮ ಟ್ರೈಲರುಗಳ ಮೂಕಿಯ ಕೆಳಗೆ ಏನಿದೆಯೆಂದು ನೋಡಿಕೊಳ್ಳಿ.

ತಮ್ಮನ ಆಕ್ಷೇಪಣೆಗಳಲ್ಲಿ ಒಂದು ನ್ಯಾಯವಾದುದೆಂದು ಒಪ್ಪುತ್ತೇನೆ. ಗದ್ದೆಯ ಹಸಿಮಣ್ಣಿನಲ್ಲಿ ಜಾಕಿನ ಕಾಲು ಹೂತುಹೋಗುತ್ತದೆ, ತೂಗಾಡುವ ಕಾಲು ಬದುವಿಗೆ ಹೊಡೆಯುತ್ತದೆ. ನಿಜ. ಕಾಲಿನ ಕೆಳಗೆ ಹಲಗೆಯಿರಬೇಕು, ಕೆಲಸ ಮುಗಿದ ಮೇಲೆ ಮಡಚಿಡುವಂತಹ ಕಾಲಿರಬೇಕು. ಆದರೆ "ನಮ್ಮಪ್ಪ ಎತ್ತಲಿಲ್ಲವೇ?" ಎಂಬುದನ್ನು ಒಪ್ಪಲಾರೆ. ಅಪ್ಪ ಎತ್ತುತ್ತಿದ್ದುದು ಮರದ ಗಾಡಿಯ ಮೂಕಿ. ಅದೂ ಮನೆಯಲ್ಲಿ ನಾಲ್ಕು ಗಂಡಾಳುಗಳಿದ್ದ ಕಾಲ. ಈಗ ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ನಾಲ್ವರು ಎತ್ತುತ್ತಿದ್ದುದನ್ನು, ಅದಕ್ಕಿಂತ ಭಾರವಾದ ಕಬ್ಬಿಣವನ್ನು, ಊರಿನಲ್ಲಿ ಉಳಿದ ಒಬ್ಬನು ಎತ್ತುತ್ತಿದ್ದಾನೆ. ಅವನ ಹೆಂಡತಿ ಕೈಯಲ್ಲಿ ಪಿನ್ನು ಹಿಡಿದು, ಹಿಂದಕ್ಕೆ ಬರುತ್ತಿರುವ ಟ್ರಾಕ್ಟರಿಗೂ ಟ್ರೈಲರಿಗೂ ನಡುವೆ ನಿಲ್ಲುತ್ತಾಳೆ. ಕ್ಲಚ್ಚಿನ ಮೇಲಿನ ಕಾಲು ಒಮ್ಮೆ ಜಾರಿದರೆ ಏನಾದೀತೆಂದು ನಾನು ಬರೆಯಲಾರೆ. ಜಾಕಿನ ಮೇಲೆ ನಿಂತ ಮೂಕಿಗೆ ಟ್ರಾಕ್ಟರನ್ನು ಪೂರ್ತಿ ನಿಲ್ಲಿಸಿ, ಬ್ರೇಕ್ ಹಾಕಿ, ಆಮೇಲೆ ನಿಧಾನವಾಗಿ ಬಂದು ಪಿನ್ನು ಹಾಕಬಹುದು. ಆ ನಡುವೆ ಯಾರೂ ನಿಲ್ಲಬೇಕಾಗಿಲ್ಲ.

ಅಪ್ಪನ ವಿಷಯ ಬಂದುದರಿಂದ ಇನ್ನೊಂದನ್ನು ಹೇಳುತ್ತೇನೆ. ಗಾಡಿಗೆ ಮೂಟೆ ಹೇರುವಾಗ ಆತ ನೊಗವನ್ನೊಮ್ಮೆ ಕೈಯಿಂದ ಎತ್ತಿ ನೋಡಿ, "ಒಂದು ಮೂಟೆ ಹಿಂದಕ್ಕೆ ಸರಿಸ್ರೋ" ಎನ್ನುತ್ತಿದ್ದ. ಭಾರ ಅಚ್ಚಿನ ಮುಂದೆ ಹೆಚ್ಚಾದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂದೆ ಹೆಚ್ಚಾದರೆ ನೊಗ ಮೇಲೆದ್ದು ಕುತ್ತಿಗೆಗೆ ಉರುಳು. ಸಂಜೆ ಎತ್ತುಗಳ ಹೆಗಲನ್ನು ಮುಟ್ಟಿ ನೋಡಿ ಎಣ್ಣೆ ಸವರುತ್ತಿದ್ದ. ಕೊನೆಯ ಎಂಟು ವರ್ಷ ಆತ ನೆಲ ನೋಡಿಕೊಂಡೇ ನಡೆದ. ಆ ಸೊಂಟವನ್ನು ನಾವಾರೂ ಮುಟ್ಟಿ ನೋಡಲಿಲ್ಲ.

ಹೋದ ವಾರ ಹಿಡಿ ತಿರುಗಿಸುವ ಜಾಕೊಂದನ್ನು ನಾನೇ ಕೊಂಡೊಯ್ದು ಕೊಟ್ಟುಬಂದೆ. ಬೆಸುಗೆ ಹಾಕಿಕೊಡಲು ಮದ್ದೂರಿನ ವೆಲ್ಡಿಂಗ್ ಅಂಗಡಿಯವನು, ಅವನೂ ನನ್ನ ವಿದ್ಯಾರ್ಥಿಯೇ, ಒಪ್ಪಿಕೊಂಡಿದ್ದಾನೆ. ಜಾಕಿನ್ನೂ ಡಬ್ಬದಲ್ಲಿಯೇ ಕೊಟ್ಟಿಗೆಯಲ್ಲಿದೆಯೆಂದು ತಮ್ಮನ ಸೊಸೆ ಫೋನಿನಲ್ಲಿ ಹೇಳಿದಳು. ಸೋಮವಾರ ಟ್ರೈಲರ್ ಒಯ್ಯುತ್ತೇನೆಂದು ತಮ್ಮ ಮಾತು ಕೊಟ್ಟಿದ್ದಾನೆ. ಯಾವ ಸೋಮವಾರವೆಂದು ಹೇಳಿಲ್ಲ. ಇದನ್ನು ಓದುವ ನಮ್ಮ ಮನೆಯ ಮಕ್ಕಳು ಯಾರಾದರೂ ಅವನಿಗೊಂದು ಫೋನು ಮಾಡಿ.