ಯೂನಿಕಾರ್ನ್‌ಗೆ ಯಾವ ಬಣ್ಣ? ಮಗುವನ್ನೇ ಕೇಳಿ

'ಅಮ್ಮಾ, ನೀನೇ ಬಣ್ಣ ಹಚ್ಚಿಕೊಡು. ನಂಗೆ ಚೆನ್ನಾಗಿ ಬರಲ್ಲ...'

ನಾಲ್ಕು ವರ್ಷದ ಮಗಳು ಕ್ರೆಯಾನ್ ಡಬ್ಬಿಯನ್ನು ನನ್ನತ್ತ ತಳ್ಳಿ ಹೀಗೆ ಹೇಳಿದಾಗ ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ಕೈ ಅಲ್ಲೇ ನಿಂತಿತು. ಗೋಡೆ, ನೆಲ, ಅಪ್ಪನ ಆಫೀಸ್ ಫೈಲು ಯಾವುದನ್ನೂ ಬಿಡದೆ ಗೀಚುತ್ತಿದ್ದ ಹುಡುಗಿ ಇವಳು. ಇವಳಿಗೆ 'ಬರಲ್ಲ' ಅನ್ನೋದನ್ನ ಕಲಿಸಿದವರು ಯಾರು? ಯೋಚಿಸಿದರೆ, ಬೇರೆ ಯಾರೂ ಅಲ್ಲ, ನಾನೇ. ಹಿಂದಿನ ದಿನವಷ್ಟೇ 'ಆನೆ ಎಲ್ಲಾದ್ರೂ ಹಸಿರು ಇರುತ್ತೇನೇ?' ಎಂದು ನಕ್ಕಿದ್ದೆ. ಗೆರೆ ದಾಟಿದಾಗಲೆಲ್ಲ ಕೈ ಹಿಡಿದು ತಿದ್ದಿದ್ದೆ. ನಿಮ್ಮ ಮನೆಯಲ್ಲೂ ಹೀಗೆ ಆಗಿರಬಹುದು, ಅಲ್ವಾ?

ನನ್ನನ್ನು ಪಾರು ಮಾಡಿದ್ದು ಯೂನಿಕಾರ್ನ್! ಅದೇ, ಹಣೆ ಮೇಲೆ ಒಂಟಿ ಕೊಂಬಿರುವ ಕುದುರೆ. ಈಗಂತೂ ಸ್ಕೂಲ್ ಬ್ಯಾಗು, ಟಿಫಿನ್ ಡಬ್ಬಿ, ಬರ್ತ್‌ಡೇ ಕೇಕು ಎಲ್ಲದರ ಮೇಲೂ ಅದೇ. ಅದರ ಚಿತ್ರದ ಪ್ರಿಂಟ್ ತಂದುಕೊಟ್ಟಾಗ ಮಗಳು ಮೆಲ್ಲಗೆ ಕೇಳಿದಳು, 'ಇದಕ್ಕೆ ಯಾವ ಬಣ್ಣ ಅಮ್ಮಾ?' 'ಗೊತ್ತಿಲ್ಲ ಪುಟ್ಟಿ, ನಾನು ಇದನ್ನ ನೋಡೇ ಇಲ್ಲ' ಅಂದೆ. ಅವಳ ಕಣ್ಣು ಅರಳಿತು. ಅಮ್ಮನಿಗೂ ಗೊತ್ತಿಲ್ಲ ಅಂದ ಮೇಲೆ ತಪ್ಪಾಗೋದಾದರೂ ಹೇಗೆ? ಡಬ್ಬಿ ವಾಪಸ್ ಅವಳ ಮಡಿಲಿಗೆ ಹೋಯಿತು.

ಯಾರೂ ಕಾಣದ ಪ್ರಾಣಿಗೆ ಸರಿ ಬಣ್ಣ, ತಪ್ಪು ಬಣ್ಣ ಎಂಬುದಿಲ್ಲ. ಕ್ರಿ.ಪೂ. 400ರ ಆಸುಪಾಸಿನಲ್ಲಿ ಗ್ರೀಕ್ ಲೇಖಕ ಕ್ಟೀಸಿಯಸ್, ಭಾರತದಲ್ಲಿ ಒಂಟಿ ಕೊಂಬಿನ ಕಾಡುಕತ್ತೆಗಳಿವೆ ಎಂದು ಬರೆದಿದ್ದ. ಮೈ ಬಿಳಿ, ತಲೆ ಕಡುಗೆಂಪು, ಕಣ್ಣು ನೀಲಿ, ಕೊಂಬು ಮಾತ್ರ ಬುಡದಲ್ಲಿ ಬಿಳಿ, ನಡುವೆ ಕಪ್ಪು, ತುದಿಯಲ್ಲಿ ಕೆಂಪಂತೆ! ಅಷ್ಟು ದೊಡ್ಡ ಮನುಷ್ಯನೇ ನೋಡದ ಪ್ರಾಣಿಗೆ ಇಷ್ಟು ಬಣ್ಣ ಬಳಿದಿರುವಾಗ ನಮ್ಮ ಮಕ್ಕಳು ಬಳಿದರೆ ನಮಗ್ಯಾಕೆ ಸಂಕಟ?

ಹಾಗಂತ ಸಿಕ್ಕಿದ ಚಿತ್ರವನ್ನೆಲ್ಲ ಪ್ರಿಂಟ್ ತೆಗೆದು ಕೊಟ್ಟುಬಿಡಬೇಡಿ. ವಯಸ್ಸಿಗೆ ಮೀರಿದ ಚಿತ್ರ ಕೊಟ್ಟರೆ ಮಗುವಿಗೆ ಮತ್ತೆ ಅದೇ 'ನಂಗೆ ಬರಲ್ಲ'. ತೀರಾ ಸುಲಭದ್ದು ಕೊಟ್ಟರೆ ಎರಡೇ ನಿಮಿಷಕ್ಕೆ 'ಬೋರ್'.

ಎರಡರಿಂದ ಮೂರು ವರ್ಷ

ಈ ವಯಸ್ಸಿನವರು ಕ್ರೆಯಾನನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನೇ ಆಡಿಸುತ್ತಾರೆ. ಆದ್ದರಿಂದ ಪುಟದ ತುಂಬ ಒಂದೇ ಯೂನಿಕಾರ್ನ್ ಮುಖ, ದಪ್ಪ ಗೆರೆ ಸಾಕು. ಹಾಳೆ ಜಾರದಂತೆ ನಾಲ್ಕೂ ಮೂಲೆಗೆ ಟೇಪ್ ಅಂಟಿಸಿ ನೆಲದ ಮೇಲೆ ಕೂರಿಸಿ. ದಪ್ಪ ಕ್ರೆಯಾನ್ ಕೊಡಿ. ಗೆರೆಯೊಳಗೆ ಹಚ್ಚಲಿ ಎಂದು ನಿರೀಕ್ಷಿಸಲೇಬೇಡಿ. ಮುರಿದ ಚೂರುಗಳು, ಸ್ಕೆಚ್ ಪೆನ್ನಿನ ಮುಚ್ಚಳಗಳು ಬಾಯಿಗೆ ಹೋಗಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಪಕ್ಕದಲ್ಲೇ ಇರಿ.

ನಾಲ್ಕರಿಂದ ಐದು ವರ್ಷ

ಬೆರಳುಗಳ ಹಿಡಿತ ಕೂಡಿಬರುವ ಸಮಯವಿದು. ಕೊಂಬು, ಜೂಲು, ಬಾಲ, ಪಕ್ಕದಲ್ಲೊಂದು ಕಾಮನಬಿಲ್ಲು, ಹೀಗೆ ಏಳೆಂಟು ದೊಡ್ಡ ಭಾಗಗಳಿರುವ ಚಿತ್ರ ಆರಿಸಿ. ಕಾಮನಬಿಲ್ಲಿನ ಪಟ್ಟೆಗಳನ್ನು ಎಣಿಸುತ್ತಾ ಬಣ್ಣದ ಹೆಸರು ಕಲಿಯುವುದೂ ಆಗುತ್ತದೆ. ಹತ್ತು ನಿಮಿಷಕ್ಕೆ ಎದ್ದು ಹೋದರೆ ಬಲವಂತವಾಗಿ ಕೂರಿಸಬೇಡಿ. ಉಳಿದದ್ದು ನಾಳೆಗಿರಲಿ.

ಆರರಿಂದ ಎಂಟು ವರ್ಷ

ಈಗ ಅವರಿಗೆ ಕಥೆ ಬೇಕು. ಕೋಟೆ, ಮೋಡ, ಕಾಡು, ಮರಿ ಯೂನಿಕಾರ್ನ್ ಇರುವ ಚಿತ್ರಕ್ಕೆ ಕಲರ್ ಪೆನ್ಸಿಲ್ ಕೊಡಿ. ಅಂಕಿ ನೋಡಿ ಬಣ್ಣ ತುಂಬುವ ಹಾಳೆಗಳೂ ಇಷ್ಟವಾಗುತ್ತವೆ. ಬಣ್ಣ ಹಚ್ಚುವಾಗ ನಮ್ಮ ಋಷ್ಯಶೃಂಗನ ಕಥೆ ಹೇಳಿ. ತಲೆ ಮೇಲೆ ಕೊಂಬಿದ್ದ ಆ ಮುನಿಕುಮಾರನ ದೇವಸ್ಥಾನ ಶೃಂಗೇರಿ ಬಳಿಯ ಕಿಗ್ಗದಲ್ಲಿದೆ ಎಂದರೆ ಮಕ್ಕಳ ಪ್ರಶ್ನೆಗಳಿಗೆ ಕೊನೆಯೇ ಇರುವುದಿಲ್ಲ.

ಒಂಬತ್ತು ವರ್ಷದ ಮೇಲ್ಪಟ್ಟವರು

ಜೂಲಿನ ತುಂಬ ಹೂಬಳ್ಳಿ, ರಂಗೋಲಿಯಂಥ ಸಣ್ಣ ಸಣ್ಣ ವಿನ್ಯಾಸಗಳಿರುವ ಚಿತ್ರ ಇವರಿಗೆ ಸರಿ. ಒಂದೇ ಬಣ್ಣವನ್ನು ಒತ್ತಿ, ತೇಲಿಸಿ ಶೇಡ್ ಮಾಡುವುದನ್ನು ಕಲಿಯಬಹುದು. 'ಅದು ಹುಡುಗೀರ್ದು' ಎಂದು ನನ್ನ ಮಗ ಮೂಗು ಮುರಿದಿದ್ದ. ಯೂನಿಕಾರ್ನ್ ಸ್ಕಾಟ್ಲೆಂಡಿನ ರಾಷ್ಟ್ರೀಯ ಪ್ರಾಣಿ, ಅಲ್ಲಿನ ರಾಜಲಾಂಛನದಲ್ಲೂ ಇದೆ ಎಂದು ಹೇಳಿದೆ. ಮರುದಿನ ಅದಕ್ಕೆ ಕಪ್ಪು ರೆಕ್ಕೆ, ಬೆಂಕಿ ಬಣ್ಣದ ಜೂಲು ಬಂದಿತ್ತು!

ಪ್ರಿಂಟ್ ತೆಗೆಸುವಾಗ

* ಚಿಕ್ಕ ಫೋಟೊವನ್ನು ದೊಡ್ಡದು ಮಾಡಿದರೆ ಗೆರೆ ಮಸುಕಾಗುತ್ತದೆ. ಪಿಡಿಎಫ್ ಸಿಕ್ಕರೆ ಅದನ್ನೇ ಇಳಿಸಿಕೊಳ್ಳಿ. ಉಚಿತವಾಗಿ ಸಿಗುವ ಚಿತ್ರಗಳಲ್ಲಿ ಹಲವು ಮನೆಬಳಕೆಗೆ ಮಾತ್ರ ಎಂಬುದು ನೆನಪಿರಲಿ.

* ಮನೆಯಲ್ಲಿ ಪ್ರಿಂಟರ್ ಇಲ್ಲವೇ? ಒಂದೇ ಪ್ರಿಂಟ್ ತೆಗೆಸಿ, ಉಳಿದದ್ದನ್ನು ಝೆರಾಕ್ಸ್ ಮಾಡಿಸಿಕೊಳ್ಳಿ. ಒಂದು ಬದಿ ಖಾಲಿ ಇರುವ ಹಳೆ ಹಾಳೆಗಳಿದ್ದರೆ ಪುಟ್ಟ ಮಕ್ಕಳಿಗೆ ಅದೇ ಧಾರಾಳ.

* ಕ್ರೆಯಾನ್, ಕಲರ್ ಪೆನ್ಸಿಲ್‌ಗೆ ಮಾಮೂಲಿ ಎ4 ಹಾಳೆ ಸಾಕು. ಸ್ಕೆಚ್ ಪೆನ್ ಆದರೆ ಕೆಳಗೊಂದು ರಟ್ಟು ಇಡಿ, ಇಲ್ಲದಿದ್ದರೆ ಬಣ್ಣ ಟೇಬಲ್ಲಿಗೂ ಇಳಿಯುತ್ತದೆ. ವಾಟರ್ ಕಲರ್‌ಗೆ ದಪ್ಪ ಹಾಳೆಯೇ ಬೇಕು. ಇಂಕ್‌ಜೆಟ್ ಪ್ರಿಂಟಿನ ಗೆರೆ ನೀರು ತಾಗಿದರೆ ಹರಡಬಹುದು, ಲೇಸರ್ ಪ್ರಿಂಟ್ ಅಥವಾ ಝೆರಾಕ್ಸ್ ವಾಸಿ.

* ಇಪ್ಪತ್ತು ಹಾಳೆ ಒಟ್ಟಿಗೆ ಕೊಡಬೇಡಿ. ಎರಡು ಮುಂದಿಟ್ಟು 'ಯಾವುದು ಬೇಕು?' ಎಂದು ಕೇಳಿ.

ಇಷ್ಟೆಲ್ಲ ಮಾಡಿದ ಮೇಲೆ ನಮ್ಮ ಪಾಲಿಗೆ ಉಳಿಯುವುದು ಅತಿ ಕಷ್ಟದ ಕೆಲಸ: ಸುಮ್ಮನಿರುವುದು! 'ಗೆರೆ ದಾಟಬೇಡ', 'ಅಣ್ಣಂದು ನೋಡು ಎಷ್ಟು ನೀಟಾಗಿದೆ' ಎಂಬ ಮಾತು ನಾಲಿಗೆ ತುದಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ. ಅಂದ ಹೆಚ್ಚಿಸಲು ನಾವೇ ಕೈ ಹಾಕುವುದಂತೂ ಬೇಡ. ಸುಮ್ಮನೆ 'ಸೂಪರ್' ಎನ್ನುವ ಬದಲು 'ಇದಕ್ಕೆ ನೇರಳೆ ಬಾಲ ಯಾಕೆ ಹಾಕ್ದೆ?' ಎಂದು ಕುತೂಹಲದಿಂದ ಕೇಳಿ. ಆಗ ಗೊತ್ತಾಗುತ್ತದೆ ಅವರ ತಲೆಯಲ್ಲಿ ಎಷ್ಟು ಕಥೆಯಿದೆ ಅಂತ. ಆಮೇಲೆ ಆ ಚಿತ್ರಕ್ಕೆ ಹೆಸರು, ತಾರೀಖು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

ಮೊನ್ನೆ ನನ್ನ ಮಗಳು ತಾನಾಗಿಯೇ ಹಳೆ ಪುಸ್ತಕ ತೆಗೆದು ಆನೆಗೆ ಬಣ್ಣ ಹಚ್ಚಿದಳು. ಈ ಸಲ ಗುಲಾಬಿ, ಅದೂ ಗೆರೆಯಿಂದಾಚೆಗೆ ಅರ್ಧ ಇಂಚು. ತಂದು ತೋರಿಸಿ ನನ್ನ ಮುಖವನ್ನೇ ನೋಡುತ್ತಾ ನಿಂತಳು. 'ಈ ಆನೆ ಎಲ್ಲಿಗೆ ಹೊರಟಿದೆ ಪುಟ್ಟಿ?' ಎಂದೆ. 'ಯೂನಿಕಾರ್ನ್ ಮನೆಗೆ, ಊಟಕ್ಕೆ' ಎಂದು ಓಡಿದಳು.

ಮಕ್ಕಳು ಆನೆಯ ನಿಜವಾದ ಬಣ್ಣವನ್ನು ಇವತ್ತಲ್ಲ ನಾಳೆ ಕಲಿತೇ ಕಲಿಯುತ್ತಾರೆ. ಆದರೆ 'ನಂಗೆ ಬರಲ್ಲ' ಎಂಬುದನ್ನು ಕಲಿತುಬಿಟ್ಟರೆ ಮರೆಸುವುದು ಕಷ್ಟ. ಏನಂತೀರಿ?